ಮಿನೆಸೋಟಾದಲ್ಲಿ ಮೊದಲ ಚಳಿಗಾಲ: ಮನೆ, ಕಾರು ಎರಡನ್ನೂ ಸಜ್ಜು ಮಾಡೋದು ಹೇಗೆ?

ಡಾಲಸ್‌ನಿಂದ_ಬಂದವನು:

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಡಾಲಸ್ ಬಿಟ್ಟು ಮಿನಿಯಾಪೊಲಿಸ್‌ನ ದಕ್ಷಿಣದ ಒಂದು ಸಬರ್ಬಿಗೆ ಬಂದಿದ್ದೇವೆ. 2006ರಲ್ಲಿ ಕಟ್ಟಿದ ಮನೆ. ಮನೆ ಬಿಸಿ ಮಾಡೋ ಗ್ಯಾಸ್ ಫರ್ನೇಸ್, ಗ್ಯಾಸ್ ಒಲೆ, ಫಿನಿಶ್ ಮಾಡಿದ ಬೇಸ್‌ಮೆಂಟು, ಮನೆಗೆ ಅಂಟಿದ ಗ್ಯಾರೇಜು. ಕಾರು ಎರಡು: ಡಾಲಸ್‌ನಿಂದಲೇ ತಂದ 2017ರ ಕ್ಯಾಮ್ರಿ, ಇನ್ನೊಂದು ಎಲೆಕ್ಟ್ರಿಕ್. ಮನೆಯಲ್ಲಿ ನಾವಿಬ್ಬರು, ಒಂದು ಮಗು, ಊರಿಂದ ಬಂದಿರುವ ಅಪ್ಪ-ಅಮ್ಮ. ಡಿಸೆಂಬರ್ ಮೂರನೇ ವಾರ ಎಲ್ಲರೂ ಒಂದು ತಿಂಗಳಿಗೆ ದಾವಣಗೆರೆಗೆ ಹೊರಡ್ತೀವಿ, ಮನೆ ಖಾಲಿ ಇರತ್ತೆ.

2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಹೋಗಿ, ಪೈಪು ಒಡೆದದ್ದು ಗೊತ್ತೇ ಇದೆ. ಇಲ್ಲಿನ ಮನೆಗಳು ಚಳಿಗೆಂದೇ ಕಟ್ಟಿದವು ಅಂತಾರೆ. ಹಾಗಾದರೆ ನಾವು ಮಾಡಬೇಕಾದ್ದು ಏನು ಉಳಿದಿದೆ? ಆನ್‌ಲೈನ್‌ನಲ್ಲಿ ಸಿಗುವ ಪಟ್ಟಿಗಳೆಲ್ಲ ಬರೀ ಖರೀದಿ ಪಟ್ಟಿಗಳು. ಯಾವುದು ಮೊದಲು, ಯಾವುದು ಆಮೇಲೆ? ಜನರೇಟರ್ ಬೇಕಾ? ಊರಿಗೆ ಹೋಗುವಾಗ ನೀರು ಬಂದ್ ಮಾಡಬೇಕಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಪಕ್ಕಾ_ಮಿನೆಸೋಟ:

ಖರೀದಿ ಆಮೇಲೆ ಇರಲಿ ಸರ್. ಮೊದಲು ಮನೆಗೆ ಹೊರಗಿನಿಂದ ಒಂದು ಸುತ್ತು ಹಾಕಿ. (ಇಲ್ಲಿ ಡಿಗ್ರಿ ಎಂದದ್ದೆಲ್ಲ ಫ್ಯಾರನ್‌ಹೀಟ್.)

ಗೋಡೆಯಿಂದ ಎರಡು ಬಿಳಿ ಪ್ಲಾಸ್ಟಿಕ್ ಪೈಪು ಹೊರಬಂದಿದ್ದರೆ ನಿಮ್ಮದು ಹೈ-ಎಫಿಶಿಯನ್ಸಿ ಫರ್ನೇಸ್. ಒಂದು ಗಾಳಿ ಒಳಗೆಳೆಯುತ್ತದೆ, ಇನ್ನೊಂದು ಹೊಗೆ ಹೊರಗೆ ಬಿಡುತ್ತದೆ. ಗಾಳಿಗೆ ಹಾರಿಬಂದ ಹಿಮ ಗೋಡೆಗೆ ಒರಗಿ ಗುಡ್ಡೆಯಾಗಿ ಇವುಗಳ ಬಾಯಿ ಮುಚ್ಚಿದರೆ ಒಳಗಿನ ಪ್ರೆಶರ್ ಸ್ವಿಚ್ ಫರ್ನೇಸನ್ನು ನಿಲ್ಲಿಸಿಬಿಡುತ್ತದೆ. ಕರೆಂಟ್ ಇದೆ, ಗ್ಯಾಸ್ ಇದೆ, ಆದರೂ ಮನೆ ತಣ್ಣಗಾಗ್ತಾ ಇದೆ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ. ಸುತ್ತ ಮೂರಡಿ ಜಾಗ ಯಾವಾಗಲೂ ತೆರವಾಗಿರಲಿ. ಅಕ್ಟೋಬರ್‌ನಲ್ಲೇ ಪಕ್ಕದಲ್ಲಿ ಒಂದು ಕೋಲು ನೆಟ್ಟರೆ ಬಿರುಗಾಳಿಯ ರಾತ್ರಿ ಹುಡುಕುವ ಪಾಡು ತಪ್ಪುತ್ತದೆ. ಏರ್ ಎಕ್ಸ್‌ಚೇಂಜರ್ (ಒಳಗಿನ ಹಳೆ ಗಾಳಿ ಬಿಟ್ಟು ಹೊರಗಿನ ಗಾಳಿ ತರುವ ಯಂತ್ರ) ಇದ್ದರೆ ಅದು ಗಾಳಿ ಎಳೆಯುವ ಹೂಡಿನ ಜಾಲರಿಗೂ ಮಂಜು ಕಟ್ಟುತ್ತದೆ. ಬ್ರಶ್ಶಿನಲ್ಲಿ ಒರೆಸಿದರೆ ಸಾಕು. ಗ್ಯಾಸ್ ಮೀಟರ್ ಮೇಲಿನ ಹಿಮವನ್ನು ಮಾತ್ರ ಕೈಯಿಂದ ಅಥವಾ ಮೆತ್ತನೆ ಪೊರಕೆಯಿಂದ ತೆಗೆಯಿರಿ, ಸಲಿಕೆಯಿಂದ ಹೊಡೆಯಬೇಡಿ.

ಒಳಗೆ: ಫಿಲ್ಟರ್. ಒಂದಿಂಚಿನದಾದರೆ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ, ನಾಲ್ಕಿಂಚಿನದು ಆರು ತಿಂಗಳು ಬರುತ್ತದೆ. ಒಗ್ಗರಣೆ ಹೊಗೆಯ ಮನೆಯಲ್ಲಿ ಡಬ್ಬದ ಮೇಲೆ ಬರೆದಷ್ಟು ದಿನ ಬಾಳುವುದಿಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಒಳಗೆ ಬಿಸಿ ಮಿತಿಮೀರಿ ಲಿಮಿಟ್ ಸ್ವಿಚ್ ಬಿದ್ದು ಉರಿ ಆರುತ್ತದೆ. ಇನ್ನೊಂದು ಸಾಮಾನ್ಯ ತೊಂದರೆ: ಉರಿ ಹತ್ತಿ ಐದಾರು ಸೆಕೆಂಡಿನಲ್ಲಿ ಆರುವುದು, ಮತ್ತೆ ಹತ್ತುವುದು, ಮತ್ತೆ ಆರುವುದು. ಅದು ಬಹುಪಾಲು ಫ್ಲೇಮ್ ಸೆನ್ಸರ್ (ಉರಿ ಇದೆಯೇ ಎಂದು ಗುರುತಿಸುವ ಕಡ್ಡಿ) ಕೊಳೆಯಾದ ಲಕ್ಷಣ. ಸ್ವಿಚ್ ಆಫ್ ಮಾಡಿ, ಒಂದೇ ಸ್ಕ್ರೂ ಬಿಚ್ಚಿ, ಪೆನ್ಸಿಲ್‌ಗಿಂತ ತೆಳ್ಳನೆಯ ಆ ಕಡ್ಡಿಯನ್ನು ನಯವಾದ ಸ್ಟೀಲ್ ವೂಲ್‌ನಿಂದ ಹಗುರವಾಗಿ ಉಜ್ಜಿ ಹಾಕಿದರೆ ಆಯಿತು. ಕೈ ಹಾಕಲು ಧೈರ್ಯವಿಲ್ಲದಿದ್ದರೆ ಅಕ್ಟೋಬರ್‌ನಲ್ಲೇ ಟ್ಯೂನ್‌ಅಪ್ ಮಾಡಿಸಿ. ಜನವರಿಯ ಮೈನಸ್ 20ರಲ್ಲಿ ಊರಿಗೆ ಊರೇ ಟೆಕ್ನಿಶಿಯನ್‌ಗಳಿಗೆ ಫೋನ್ ಮಾಡುತ್ತಿರುತ್ತದೆ.

ಹೊರಗಿನ ನಲ್ಲಿ: ಹೋಸ್ ಪೈಪು ಬಿಚ್ಚಲೇಬೇಕು. ಫ್ರಾಸ್ಟ್-ಫ್ರೀ ನಲ್ಲಿ ಅಂತ ಧೈರ್ಯವಾಗಿರಬೇಡಿ. ಅದರ ವಾಲ್ವ್ ಇರುವುದು ಗೋಡೆಯ ಒಳಭಾಗದಲ್ಲಿ, ಮುಚ್ಚಿದಾಗ ಮುಂದಿನ ನೀರು ಇಳಿದುಹೋಗಬೇಕು. ಹೋಸ್ ಸಿಕ್ಕಿಸಿದ್ದರೆ ನೀರು ಇಳಿಯುವುದಿಲ್ಲ, ಹೆಪ್ಪುಗಟ್ಟಿ ಗೋಡೆಯೊಳಗೇ ಸೀಳುತ್ತದೆ. ಗೊತ್ತಾಗುವುದು ಮೇ ತಿಂಗಳಲ್ಲಿ ಗಿಡಕ್ಕೆ ನೀರು ಬಿಟ್ಟಾಗ, ಬೇಸ್‌ಮೆಂಟ್ ಕಾರ್ಪೆಟ್ ತೊಯ್ದ ಮೇಲೆ.

ಸಿಂಕಿನ ಪೈಪು ಹೊರಗೋಡೆಗೆ ತಾಗಿ ಹೋಗಿದ್ದರೆ ಕಡುಚಳಿಯ ರಾತ್ರಿ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ನಲ್ಲಿಯಿಂದ ಸಣ್ಣ ಎಳೆಯಂತೆ ನೀರು ಬಿಡಿ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಆದರೆ ಪೈಪು ಒಡೆಯುವುದು ಹೆಚ್ಚಾಗಿ ಮಂಜುಗಡ್ಡೆ ಇರುವಲ್ಲಿ ಅಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ ಒಡೆಯುತ್ತದೆ. ನಲ್ಲಿ ಚೂರು ತೆರೆದಿದ್ದರೆ ಆ ಒತ್ತಡಕ್ಕೆ ದಾರಿ ಸಿಗುತ್ತದೆ. ಕಟ್ಟಿಕೊಂಡ ಪೈಪನ್ನು ಹೇರ್ ಡ್ರೈಯರ್‌ನಿಂದ ಕರಗಿಸಿ, ನಲ್ಲಿ ತೆರೆದಿಟ್ಟು ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಬೆಂಕಿ ತೋರಿಸಬೇಡಿ.

ಸಾರಿನಪುಡಿ:

ಮೇಲಿನದಕ್ಕೆ ಒಂದು ಸೇರಿಸ್ತೀನಿ, ಕಾರ್ಬನ್ ಮಾನಾಕ್ಸೈಡ್, ಅಂದರೆ ಇಂಧನ ಪೂರ್ತಿ ಉರಿಯದಿದ್ದಾಗ ಹುಟ್ಟುವ ವಿಷಗಾಳಿ. ಮಿನೆಸೋಟಾ ಕಾನೂನಿನ ಪ್ರಕಾರ ಪ್ರತಿ ಮಲಗುವ ಕೋಣೆಯಿಂದ ಹತ್ತಡಿಯೊಳಗೆ ಅದರ ಅಲಾರ್ಮ್ ಇರಲೇಬೇಕು. ಹಿಂದಿನ ಮಾಲೀಕರು ಹಾಕಿದ್ದು ಇದೆಯಲ್ಲ ಅಂತ ಸುಮ್ಮನಾಗಬೇಡಿ. ಹಿಂಬದಿಯಲ್ಲಿ ತಯಾರಿಸಿದ ತಾರೀಖು ಇರತ್ತೆ. ಸೆನ್ಸರ್ ಆಯಸ್ಸು ಮಾಡೆಲ್ ನೋಡಿಕೊಂಡು 5ರಿಂದ 10 ವರ್ಷ. ಟೆಸ್ಟ್ ಬಟನ್ ಒತ್ತಿದರೆ ಕೂಗತ್ತೆ ಅಂದರೆ ಬಜರ್, ಬ್ಯಾಟರಿ ಸರಿ ಇದೆ ಅಂತ ಅಷ್ಟೇ, ಸೆನ್ಸರ್ ಬದುಕಿದೆ ಅಂತಲ್ಲ.

ಕರೆಂಟ್ ಹೋದಾಗ ಅಮ್ಮಂದಿರಿಗೆ ಮೊದಲು ಹೊಳೆಯೋದು ಇದ್ದಿಲು ಹಾಕಿ ಒಂದು ಅಗ್ಗಿಷ್ಟಿಕೆ ಮಾಡೋಣ ಅಂತ. ಊರಿನ ಹೆಂಚಿನ ಮನೆಯಲ್ಲಿ ಗಾಳಿ ಆಡುತ್ತಿತ್ತು. ಇಲ್ಲಿನ ಮನೆ ಬಿಗಿಯಾಗಿ ಮುಚ್ಚಿದ ಡಬ್ಬ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಇದ್ದಿಲು, ಹೊರಗಿನ ಗ್ರಿಲ್ಲು, ಪ್ರೊಪೇನ್ ಸಿಲಿಂಡರ್, ಯಾವುದೂ ಗ್ಯಾರೇಜಿನಲ್ಲೂ ಬೇಡ. ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹಚ್ಚಿ ಅನ್ನ-ಸಾರು ಮಾಡಿಕೊಳ್ಳಿ, ಕಿಟಕಿ ಚೂರು ತೆರೆದಿರಲಿ. ಆದರೆ ಮನೆ ಕಾಯಿಸೋಕೆ ಅಂತ ಓವನ್ ಉರಿಸಬೇಡಿ.

ಇನ್ನೊಂದು, ಗ್ಯಾರೇಜಿನಲ್ಲಿ ಕಾರು ಬಿಸಿ ಮಾಡೋದು. ದೊಡ್ಡ ಬಾಗಿಲು ತೆರೆದಿದ್ದರೂ ಹೊಗೆ ಮನೆಯೊಳಗೆ ನುಗ್ಗತ್ತೆ. ರಿಮೋಟ್ ಸ್ಟಾರ್ಟ್ ಇರುವ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿದ್ದರೆ ಕೀ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹಿರಿಯರ ವಿಷಯ: ಒಳಗೆ 60-65 ಡಿಗ್ರಿ ಇದ್ದರೂ ವಯಸ್ಸಾದವರ ಮೈ ತಣ್ಣಗಾಗಿ ಹೈಪೋಥರ್ಮಿಯಾ ಆಗಬಹುದು. ಅವರು ಇರುವಷ್ಟು ದಿನ 68ಕ್ಕಿಂತ ಕೆಳಗೆ ಇಳಿಸಬೇಡಿ, ಬಿಲ್ಲು ಬಂದರೆ ಬರಲಿ. ಮಾತು ತೊದಲೋದು, ಮಂಕು ಹಿಡಿದವರಂತೆ ಕೂರೋದು ಕಂಡರೆ "ನಿದ್ದೆ ಬಂದಿರಬೇಕು" ಅನ್ಕೋಬೇಡಿ, 911ಕ್ಕೆ ಫೋನ್ ಮಾಡಿ. ಇನ್ಸುಲಿನ್ ತಗೊಳ್ಳೋರಿದ್ದರೆ ಕಾರಿನಲ್ಲಿ ಬಿಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ.

ಊಟದ ಲೆಕ್ಕ ನಮಗೆ ಸುಲಭ. ತಲೆಗೆ ದಿನಕ್ಕೆ ಒಂದು ಗ್ಯಾಲನ್ ನೀರು, ಮೂರು ದಿನಕ್ಕೆ, ಅಂದರೆ ನಿಮ್ಮ ಐದು ಜನಕ್ಕೆ 15 ಗ್ಯಾಲನ್. ತೆಳು ಅವಲಕ್ಕಿ ಎರಡು ಕೆಜಿ, ಚಟ್ನಿಪುಡಿ, ಹುರಿಗಡಲೆ, ಬೆಲ್ಲ, ಮಗುವಿಗೆ ಹಾಲಿನ ಪುಡಿ. ಒಲೆ ಹಚ್ಚದೆ ದಿನ ಕಳೆಯತ್ತೆ.

ಗೇರ್‌ಬಾಕ್ಸ್:

ಮನೆ ಬಗ್ಗೆ ಬಲ್ಲವರು ಹೇಳಿದ್ದಾರೆ. ನಾನು ಕ್ಯಾಮ್ರಿಗೆ ಬರ್ತೀನಿ. ಟೆಕ್ಸಸ್‌ನಿಂದ ಬಂದ ಕಾರಿನಲ್ಲಿ ನಾಲ್ಕು ದ್ರವ-ಸಾಮಾನು ಅನುಮಾನಾಸ್ಪದ, ಇದೇ ಕ್ರಮದಲ್ಲಿ ನೋಡಿ.

ವಾಷರ್ ಫ್ಲೂಯಿಡ್ (ಮುಂದಿನ ಗಾಜು ತೊಳೆಯೋಕೆ ಚಿಮ್ಮುವ ದ್ರವ): ದಕ್ಷಿಣದಲ್ಲಿ ಮಾರುವ ಬೇಸಿಗೆ ನೀರು 32ರ ಹೊತ್ತಿಗೇ ಗಟ್ಟಿ. ಟ್ಯಾಂಕು, ಪಂಪು ಸೀಳಬಹುದು. ಹೈವೇಯಲ್ಲಿ ಉಪ್ಪಿನ ಕೆಸರು ಎರಚಿದಾಗ ಒತ್ತಿದರೆ ಗಾಜಿನ ಮೇಲೇ ಹೆಪ್ಪುಗಟ್ಟಿ ಎದುರಿಗೆ ಏನೂ ಕಾಣಲ್ಲ. ಹಳೆಯದನ್ನು ಪೂರ್ತಿ ಚಿಮ್ಮಿಸಿ ಖಾಲಿ ಮಾಡಿ, ಆಮೇಲೆ ಮೈನಸ್ 20 ಅಥವಾ ಅದಕ್ಕಿಂತ ಕೆಳಗಿನದು ತುಂಬಿ. ಅರ್ಧ ಟ್ಯಾಂಕಿನ ಮೇಲೆ ಸುರಿದರೆ ಸಾಮರ್ಥ್ಯವೂ ಅರ್ಧಕ್ಕೆ ಇಳಿಯತ್ತೆ.

ಕೂಲೆಂಟ್ (ಇಂಜಿನ್ ತಣಿಸುವ ದ್ರವ): ಬರೀ ನೀರು ಟಾಪ್ ಅಪ್ ಮಾಡುತ್ತಾ ಬಂದಿದ್ದರೆ ತೆಳುವಾಗಿರತ್ತೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇದ್ದರೆ ಮೈನಸ್ 34ರವರೆಗೆ ಭಯವಿಲ್ಲ. ಹೆಚ್ಚು ಹಾಕಿದರೆ ಇನ್ನೂ ಒಳ್ಳೇದು ಅನ್ನೋದು ತಪ್ಪು. 60 ಪಾಲು ಗ್ಲೈಕಾಲ್, 40 ಪಾಲು ನೀರು ತನಕ ಸರಿ, ಗ್ಲೈಕಾಲ್ ತೀರಾ ಹೆಚ್ಚಾದರೆ ಹೆಪ್ಪುಗಟ್ಟುವ ಬಿಂದು ಮೇಲಕ್ಕೇ ಬರತ್ತೆ, ನೀರು ಬೆರೆಸದ ಗ್ಲೈಕಾಲ್ ಸೊನ್ನೆ ಮುಟ್ಟುವ ಮೊದಲೇ ಹೆಪ್ಪುಗಟ್ಟತ್ತೆ. ಆಟೋ ಅಂಗಡಿಯಲ್ಲಿ ಸಿಗುವ ಸಣ್ಣ ಹೈಡ್ರೋಮೀಟರ್‌ನಿಂದ ಇಂಜಿನ್ ತಣ್ಣಗಿದ್ದಾಗ ಹೀರಿ ನೋಡಿ.

ಬ್ಯಾಟರಿ: ಇಲ್ಲಿ ಕಾರು ಕೈಕೊಡೋದು ಹೆಚ್ಚಾಗಿ ಇದರಿಂದಲೇ. ಬ್ಯಾಟರಿಯನ್ನು ಸವೆಸೋದು ಟೆಕ್ಸಸ್ ಬಿಸಿಲು, ಬಯಲು ಮಾಡೋದು ಮಿನೆಸೋಟಾ ಚಳಿ. 0 ಡಿಗ್ರಿಯಲ್ಲಿ ಅದರ ಬಲ ಅರ್ಧಕ್ಕಿಂತ ಕಡಿಮೆ, ಅದೇ ಹೊತ್ತಿಗೆ ಆಯಿಲ್ ದಪ್ಪಗಾಗಿ ಇಂಜಿನ್ ತಿರುಗಿಸೋಕೆ ಹೆಚ್ಚು ಬಲ ಬೇಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ. ಆದರೆ ವೋಲ್ಟೇಜ್ ಸರಿ ಇದ್ದೂ ಬಲ ಇಲ್ಲದಿರಬಹುದು, ಅದಕ್ಕೇ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ನಾಲ್ಕು ವರ್ಷ ದಾಟಿದ್ದರೆ ಟೆಸ್ಟ್ ಏನೇ ಹೇಳಲಿ, ನನ್ನ ಪ್ರಕಾರ ನವೆಂಬರ್‌ನಲ್ಲೇ ಬದಲಾಯಿಸೋದು ಲೇಸು. ಚಾರ್ಜ್ ತುಂಬಿದ ಬ್ಯಾಟರಿ ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟಲ್ಲ, ಪೂರ್ತಿ ಖಾಲಿಯಾದದ್ದು 20 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟತ್ತೆ. ಹೊಟ್ಟೆ ಉಬ್ಬಿದ ಬ್ಯಾಟರಿಗೆ ಜಂಪ್ ಕೊಡಬೇಡಿ, ಸಿಡಿಯಬಹುದು. ಜಂಪ್ ಕೊಡುವಾಗ: ಕೆಂಪು ಸತ್ತ ಬ್ಯಾಟರಿಯ ಪ್ಲಸ್‌ಗೆ, ಕೆಂಪಿನ ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ, ಕಪ್ಪಿನ ಕೊನೆಯ ತುದಿ ಸತ್ತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕಿಡಿ ಬ್ಯಾಟರಿ ಹತ್ತಿರ ಹಾರಬಾರದು ಅಂತ ಈ ಕ್ರಮ.

ಟೈರು: 45 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಡುಸಾಗತ್ತೆ. ಮೂರು ಶಿಖರದೊಳಗೆ ಹಿಮದ ಹರಳಿನ ಗುರುತಿರುವ ವಿಂಟರ್ ಟೈರು ನಾಲ್ಕೂ ಚಕ್ರಕ್ಕೆ ಹಾಕಿಸಿ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಬ್ರೇಕ್ ಹಿಡಿದಾಗ ಹಿಂಭಾಗ ಮುಂದೆ ಬರತ್ತೆ. ಉಷ್ಣತೆ 10 ಡಿಗ್ರಿ ಇಳಿದರೆ ಗಾಳಿ ಸುಮಾರು 1 ಪಿಎಸ್‌ಐ ಇಳಿಯತ್ತೆ. ಆಲ್ ವೀಲ್ ಡ್ರೈವ್ ಹೊರಡೋಕೆ ಸಹಾಯ, ನಿಲ್ಲೋಕೆ ಅಲ್ಲ. ಹಳ್ಳದಲ್ಲಿ ಬಿದ್ದಿರುವ ಎಸ್‌ಯುವಿಗಳನ್ನು ನೋಡಿದರೆ ನಿಮಗೇ ಗೊತ್ತಾಗತ್ತೆ.

ಡಿಕ್ಕಿಯಲ್ಲಿ: ಮಡಚುವ ಸಲಿಕೆ, ಬ್ರಶ್ ಇರುವ ಸ್ಕ್ರೇಪರ್, 4 ಗೇಜ್‌ನ 20 ಅಡಿ ಜಂಪರ್ ಕೇಬಲ್, ಟೋ ಸ್ಟ್ರಾಪ್, 10 ಕೆಜಿ ಮರಳು (ಬೆಕ್ಕಿನ ಲಿಟರ್ ಆದರೆ ನೀರಿಗೆ ಅಂಟಾಗದ ಜಾತಿಯದು), ಪ್ರತಿ ಸೀಟಿಗೆ ಒಂದು ಕಂಬಳಿ, ಉಣ್ಣೆ ಕಾಲುಚೀಲ, ಲಿಥಿಯಂ ಸೆಲ್ ಹಾಕಿದ ಹೆಡ್‌ಲ್ಯಾಂಪ್ (ಸಾದಾ ಆಲ್ಕಲೈನ್ ಸೆಲ್ ಈ ಚಳಿಗೆ ಮಂಕಾಗತ್ತೆ), ಶೇಂಗಾ ಚಿಕ್ಕಿ. ಚಿಕ್ಕಿಯಲ್ಲಿ ನೀರಿನಂಶ ತೀರಾ ಕಡಿಮೆ, ಹಾಗಾಗಿ ಹೆಪ್ಪುಗಟ್ಟಲ್ಲ. ನೀರಿನ ಬಾಟಲಿ ಮುಕ್ಕಾಲು ಮಾತ್ರ ತುಂಬಿ. ಜೇಬಿನ ಗಾತ್ರದ ಲಿಥಿಯಂ ಜಂಪ್ ಸ್ಟಾರ್ಟರ್ ಇದ್ದರೆ ಮನೆಯೊಳಗಿಟ್ಟು ಹೊರಡುವಾಗ ಒಯ್ಯಿರಿ.

ತುಂಗಾತೀರ:

ಸಿಕ್ಕಿಹಾಕಿಕೊಂಡಾಗ ಏನು ಮಾಡಬೇಕು ಅನ್ನುವುದನ್ನು ಯಾರೂ ಬರೆದಿಲ್ಲ. 2022ರ ಜನವರಿಯಲ್ಲಿ ವರ್ಜೀನಿಯಾದ ಐ-95ರಲ್ಲಿ ಜನ ಕಾರಿನೊಳಗೇ ಇಡೀ ದಿನ ಕಳೆದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಫಲೋ ಬಿರುಗಾಳಿಯಲ್ಲಿ ಸತ್ತವರಲ್ಲಿ ಕೆಲವರು ಕಾರಿನಲ್ಲೇ ಸಿಕ್ಕಿದರು. ಮಿನೆಸೋಟಾದ ಪಶ್ಚಿಮ ಭಾಗ ಬಟಾಬಯಲು, ಗಾಳಿ ಎದ್ದರೆ ರಸ್ತೆಯೇ ಕಾಣದಂತಾಗುತ್ತದೆ.

ಕಾರು ಬಿಟ್ಟು ನಡೆಯಬೇಡಿ. 911ಕ್ಕೆ ಕರೆ ಮಾಡಿ ಹತ್ತಿರದ ಮೈಲಿ ಗುರುತಿನ ಸಂಖ್ಯೆ ಹೇಳಿ. ಸೈಲೆನ್ಸರ್ ಬಾಯಿ ಮುಚ್ಚಿದೆಯೇ ಎಂದು ಇಳಿದು ನೋಡಿ, ಹಿಮ ತೆಗೆಯದೆ ಇಂಜಿನ್ ಹಚ್ಚಬೇಡಿ. ಗಂಟೆಗೆ ಹತ್ತು ನಿಮಿಷ ಮಾತ್ರ ಓಡಿಸಿ, ಆ ಹೊತ್ತಿನಲ್ಲಿ ಗಾಳಿ ಬೀಸದ ಕಡೆಯ ಕಿಟಕಿ ಬೆರಳಷ್ಟು ತೆರೆದಿರಲಿ. ಹಿಮ ಸುರಿಯುತ್ತಲೇ ಇದ್ದರೆ ಪ್ರತಿ ಸಲವೂ ಸೈಲೆನ್ಸರ್ ನೋಡಬೇಕು. ಹೀಗೆ ಮಾಡಲು ಟ್ಯಾಂಕಿನಲ್ಲಿ ಪೆಟ್ರೋಲ್ ಇರಬೇಕಲ್ಲ, ಅದಕ್ಕೇ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎನ್ನುವುದು. ಫೋನ್ ಒಳಜೇಬಿನಲ್ಲಿ, ಮೈಗೆ ತಾಗಿದಂತೆ ಇರಲಿ. ಆಂಟೆನಾಕ್ಕೆ ಅಥವಾ ಬಾಗಿಲ ಹಿಡಿಗೆ ಕೆಂಪು ಬಟ್ಟೆ ಕಟ್ಟಿ. ಡಬ್ಬದಲ್ಲಿ ಮೇಣದಬತ್ತಿ ಹಚ್ಚುವ ಹಳೆಯ ಸಲಹೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಕೆಲಸ ಮಾಡುತ್ತದೆ, ಆದರೆ ಕಂಬಳಿ ಹೊದ್ದ ಮಗು ಹಿಂದೆ ಕೂತಿರುವಾಗ ನಾನು ಅದನ್ನು ಹೇಳುವುದಿಲ್ಲ.

ಎಲೆಕ್ಟ್ರಿಕ್ ಕಾರಿಗೆ ಸೈಲೆನ್ಸರ್ ಭಯವಿಲ್ಲ, ಸೀಟ್ ಹೀಟರ್ ಹಾಕಿ ಕ್ಯಾಬಿನ್ ಬಿಸಿ ತಗ್ಗಿಸಿದರೆ ಬಹಳ ಹೊತ್ತು ಬರುತ್ತದೆ. ಆದರೆ ಕಡುಚಳಿಯಲ್ಲಿ ಓಡುವ ದೂರ ಗಣನೀಯವಾಗಿ ಕಡಿಮೆ. ಹೊರಡುವ ಮುನ್ನ ಚಾರ್ಜರ್ ಸಿಕ್ಕಿಸಿದ್ದಾಗಲೇ ಬ್ಯಾಟರಿ, ಕ್ಯಾಬಿನ್ ಎರಡನ್ನೂ ಬಿಸಿ ಮಾಡಿಕೊಳ್ಳಿ. ಅದರಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ, ಅದು ಸತ್ತರೆ ಕಾರು ಎಚ್ಚರವೇ ಆಗುವುದಿಲ್ಲ.

ಇವೆಲ್ಲಕ್ಕೂ ಮೊದಲು 511 (ರಾಜ್ಯದ ರಸ್ತೆ ಸ್ಥಿತಿ ತಿಳಿಸುವ ಸೇವೆ) ನೋಡಿ. ನಕ್ಷೆಯಲ್ಲಿ "ನೋ ಟ್ರಾವೆಲ್ ಅಡ್ವೈಸ್ಡ್" ಎಂದಿದ್ದರೆ ಫಾರ್ಗೋ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆ ಮುಂದಿನ ಹುಣ್ಣಿಮೆಗೆ.

ಡಾಲಸ್‌ನಿಂದ_ಬಂದವನು:

ಧನ್ಯವಾದಗಳು, ಇಷ್ಟು ವಿವರ ಸಿಗತ್ತೆ ಅನ್ಕೊಂಡಿರಲಿಲ್ಲ. ಉಳಿದದ್ದು ಎರಡು: ಜನರೇಟರ್, ಮತ್ತೆ ಖಾಲಿ ಮನೆಯ ನೀರು. ಫರ್ನೇಸ್ ಗ್ಯಾಸಿನದ್ದಾದರೆ ಕರೆಂಟ್ ಹೋದರೂ ನಡೆಯಲ್ವಾ?

ಪಕ್ಕಾ_ಮಿನೆಸೋಟ:

ನಡೆಯಲ್ಲ. ಕಿಡಿ ಹತ್ತಿಸಲು, ಬ್ಲೋವರ್ ತಿರುಗಿಸಲು ಕರೆಂಟ್ ಬೇಕು. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 28 ಇತ್ತು, ಅಂಚೆ ಬಟವಾಡೆಯೇ ನಿಂತಿತ್ತು. ಅಂಥ ದಿನ ಕರೆಂಟ್ ಹೋದರೆ ಮನೆ ಕೆಲವೇ ಗಂಟೆಗಳಲ್ಲಿ ಕೊರೆಯುವಷ್ಟು ತಣ್ಣಗಾಗುತ್ತದೆ.

ಬ್ಲೋವರ್‌ಗೆ 400ರಿಂದ 800 ವಾಟ್, ಹಳೆಯ ಮೋಟರ್ ಆದರೆ ಶುರುವಿನ ಕ್ಷಣ ಅದರ ಎರಡು-ಮೂರು ಪಟ್ಟು. 2,200 ವಾಟಿನ ಇನ್ವರ್ಟರ್ ಜನರೇಟರ್ ಫರ್ನೇಸಿಗೂ ಫ್ರಿಜ್‌ಗೂ ಸಾಕು. ಒಂದು ಕಿಲೋವಾಟ್-ಅವರ್‌ನ ಪವರ್ ಸ್ಟೇಷನ್ (ಹೊತ್ತೊಯ್ಯಬಹುದಾದ ದೊಡ್ಡ ಬ್ಯಾಟರಿ) ಆದರೆ ಫರ್ನೇಸ್ ಅರ್ಧ ಹೊತ್ತು ಓಡಿದರೂ ನಾಲ್ಕೈದು ಗಂಟೆಗೆ ಮುಗಿಯುತ್ತದೆ.

ಫರ್ನೇಸಿಗೆ ಪ್ಲಗ್ ಇರುವುದಿಲ್ಲ, ನೇರ ವೈರಿಂಗ್. ಆ ಒಂದು ಸರ್ಕ್ಯೂಟಿಗೆ ಮ್ಯಾನುಯಲ್ ಟ್ರಾನ್ಸ್‌ಫರ್ ಸ್ವಿಚ್ಚನ್ನು (ಬೀದಿಯ ಕರೆಂಟ್ ಬಿಡಿಸಿ ಜನರೇಟರ್ ಕಡೆಗೆ ತಿರುಗಿಸುವ ಸ್ವಿಚ್ಚು) ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕೈಲಿ ಹಾಕಿಸಿ. ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಡ್ರೈಯರ್ ಸಾಕೆಟ್ಟಿಗೆ ಕರೆಂಟ್ ತುಂಬುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಬೀದಿಯ ಲೈನ್ ರಿಪೇರಿಗೆ ಹತ್ತಿದವನ ಜೀವ ಹೋಗುತ್ತದೆ.

ಬಹಳ ಜನರಿಗೆ ಗೊತ್ತಿಲ್ಲದ ತೊಡಕು: ಸಣ್ಣ ಇನ್ವರ್ಟರ್ ಜನರೇಟರ್‌ಗಳಲ್ಲಿ ನ್ಯೂಟ್ರಲ್ ತಂತಿಯನ್ನು ಅರ್ತ್ ತಂತಿಗೆ ಜೋಡಿಸಿರುವುದಿಲ್ಲ. ಕೆಲವು ಫರ್ನೇಸ್ ಬೋರ್ಡ್‌ಗಳು ಆಗ ಉರಿಯನ್ನು ಗುರುತಿಸುವುದೇ ಇಲ್ಲ. ಉರಿ ಹತ್ತಿ ಆರುತ್ತದೆ, ಸೆನ್ಸರ್ ಎಷ್ಟು ಉಜ್ಜಿದರೂ ಅಷ್ಟೇ. ಟ್ರಾನ್ಸ್‌ಫರ್ ಸ್ವಿಚ್ ಹಾಕಿಸುವಾಗಲೇ ಎಲೆಕ್ಟ್ರಿಶಿಯನ್ನಿಗೆ ಇದನ್ನು ಹೇಳಿ, ಅವರ ಎದುರೇ ಜನರೇಟರ್ ಮೇಲೆ ಫರ್ನೇಸ್ ಹತ್ತು ನಿಮಿಷ ಓಡಿಸಿ ನೋಡಿ. ಜನರೇಟರ್ ಮನೆಯಿಂದ 20 ಅಡಿ ದೂರ, ಹೊಗೆ ಆಚೆ ಮುಖವಾಗಿ. ಕಡುಚಳಿಯಲ್ಲಿ ಅದರ ಇಂಜಿನ್ನಿನ ಉಸಿರುಕೊಳವೆಗೆ ಮಂಜು ಕಟ್ಟಿ ಆಯಿಲ್ ಹೊರಗೆ ತಳ್ಳುವುದುಂಟು, ಹಾಗಾಗಿ ಮೂರು ಕಡೆ ಗಾಳಿ ತಡೆ ಕೊಡಿ, ಪೂರ್ತಿ ಮುಚ್ಚಬೇಡಿ. ಪೆಟ್ರೋಲಿಗೆ ಸ್ಟೆಬಿಲೈಸರ್ ಹಾಕಿ, ಕ್ಯಾನ್ ಹೊರಗಿನ ಶೆಡ್ಡಿನಲ್ಲಿರಲಿ.

ಕರೆಂಟ್ ಇಲ್ಲದಾಗ ಗ್ಯಾರೇಜ್ ಬಾಗಿಲೂ ತೆರೆಯುವುದಿಲ್ಲ. ಮೇಲಿಂದ ತೂಗುವ ಕೆಂಪು ಹಗ್ಗ ಎಳೆದು ಕೈಯಿಂದ ಎತ್ತುವುದನ್ನು ಮನೆಯವರೆಲ್ಲ ಒಮ್ಮೆ ಮಾಡಿ ನೋಡಲಿ.

ಖಾಲಿ ಮನೆಗೆ: ಥರ್ಮೋಸ್ಟಾಟ್ 55ಕ್ಕಿಂತ ಕೆಳಗೆ ಬೇಡ, ನಾನಾದರೆ 58 ಎನ್ನುತ್ತೇನೆ. ನೀರಿನ ಮೇನ್ ವಾಲ್ವ್ ಬಂದ್ ಮಾಡಿ, ಬೇಸ್‌ಮೆಂಟಿನ ಅತಿ ಕೆಳಗಿನ ನಲ್ಲಿ, ಮೇಲಿನ ಮಹಡಿಯ ನಲ್ಲಿ ಎರಡನ್ನೂ ತೆರೆದು ಒತ್ತಡ ಇಳಿಸಿ, ಟಾಯ್ಲೆಟ್‌ಗಳನ್ನು ಫ್ಲಶ್ ಮಾಡಿ. ಹೀಗೆ ಮಾಡಿದರೆ ಪೈಪು ಒಡೆದರೂ ಸೋರುವುದು ಅಲ್ಲಿ ಉಳಿದಷ್ಟೇ ನೀರು, ಒಂದು ತಿಂಗಳ ನೀರಲ್ಲ. ಗ್ಯಾಸ್ ವಾಟರ್ ಹೀಟರನ್ನು ವೆಕೇಶನ್ ಗುರುತಿಗೆ ತಿರುಗಿಸಿ, ಫರ್ನೇಸಿನ ಹ್ಯುಮಿಡಿಫೈಯರ್ ಆಫ್ ಮಾಡಿ. ಮನೆಯಲ್ಲಿ ಫೈರ್ ಸ್ಪ್ರಿಂಕ್ಲರ್ ಇದ್ದರೆ ಆ ಲೈನ್ ಮುಟ್ಟಬೇಡಿ. ವೈಫೈ ಥರ್ಮೋಸ್ಟಾಟ್ ನೋಡಿಕೊಳ್ಳುತ್ತೇವೆ ಅನ್ನುವವರು ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ ಎನ್ನುವುದನ್ನು ಮರೆಯುತ್ತಾರೆ. ಎರಡು-ಮೂರು ದಿನಕ್ಕೊಮ್ಮೆ ಒಳಗೆ ಬಂದು ನೋಡುವ ಒಬ್ಬರ ಕೈಗೆ ಕೀ ಕೊಡಿ, ಆ ಬಿಳಿ ಪೈಪುಗಳನ್ನೂ ತೋರಿಸಿ. ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮನೆ ಬೆಚ್ಚಗಿಟ್ಟಿರಬೇಕು ಅಥವಾ ನೀರು ನಿಲ್ಲಿಸಿ ಖಾಲಿ ಮಾಡಿರಬೇಕು ಎನ್ನುವ ಶರತ್ತಿರುತ್ತದೆ. ಹೊರಡುವ ಮುನ್ನ ಓದಿ, ಥರ್ಮೋಸ್ಟಾಟ್ ಮತ್ತು ವಾಲ್ವ್‌ನ ಫೋಟೋ ತೆಗೆದಿಟ್ಟುಕೊಳ್ಳಿ.

ಡಾಲಸ್‌ನಿಂದ_ಬಂದವನು:

ಬೇಸ್‌ಮೆಂಟಿಗೆ ಹೋಗಿ ನೋಡಿದೆ. ಮೀಟರ್ ಪಕ್ಕ ಕೆಂಪು ಹಿಡಿಯ ವಾಲ್ವ್ ಒಂದು. ಸೀಲಿಂಗ್ ಹತ್ತಿರ ಹಿತ್ತಲ ಕಡೆಗೆ ಹೋಗುವ ಪೈಪಿನಲ್ಲಿ ಇನ್ನೊಂದು, ಅದರ ಹೊಟ್ಟೆಯಲ್ಲಿ ಅಂಗಿ ಗುಂಡಿಯಷ್ಟು ಹಿತ್ತಾಳೆ ಮುಚ್ಚಳ ಇದೆ. ಅದೇನು?

ಗೇರ್‌ಬಾಕ್ಸ್:

ಮೀಟರ್ ಪಕ್ಕದ್ದು ಮೇನ್. ಎರಡನೆಯದು ಹೊರಗಿನ ನಲ್ಲಿಯದ್ದು. ಅದನ್ನು ಬಂದ್ ಮಾಡಿ, ಹೊರಗಿನ ನಲ್ಲಿ ತೆರೆದಿಟ್ಟು ಬನ್ನಿ, ಕೆಳಗೆ ಒಂದು ಚೊಂಬು ಹಿಡಿದು ಆ ಮುಚ್ಚಳ ತಿರುಗಿಸಿ ತೆಗೆಯಿರಿ. ಪೈಪಿನಲ್ಲಿ ಉಳಿದ ನೀರು ಇಳಿಯತ್ತೆ. ಆಮೇಲೆ ಮುಚ್ಚಳವನ್ನು ಕೈಬಿಗಿಯಷ್ಟೇ ಹಾಕಿ, ಇಕ್ಕಳದಲ್ಲಿ ತಿರುಗಿಸಿದರೆ ಒಳಗಿನ ರಬ್ಬರ್ ವಾಷರ್ ಹರಿಯತ್ತೆ. ಚೊಂಬು ತುಂಬಿದ ಮೇಲೂ ನೀರು ನಿಲ್ಲದೆ ಬರ್ತಾ ಇದ್ದರೆ ವಾಲ್ವ್ ಸರಿಯಾಗಿ ಮುಚ್ಚಿಲ್ಲ ಅಂತ ಅರ್ಥ, ಚಳಿ ಬರೋದರೊಳಗೆ ಪ್ಲಂಬರ್ ಕರೆಸಿ.